ಸುಂಕದವನ ಮುಂದೆ

ಇಪ್ಪತ್ತೊಂದು ವರ್ಷ, ಬೀರೂರಿನ ಸ್ಟೇಷನ್ ರಸ್ತೆಯಲ್ಲಿ
ನನ್ನ ಸೈಕಲ್ಲಿನ ಸದ್ದಿಗೆ
ಬುಟ್ಟಿಗಳು ಕಾಲು ಬಂದ ಹಾಗೆ ಎದ್ದು ನಡೆದಿವೆ.
ಹೆಗಲಲ್ಲಿ ಪುರಸಭೆಯ ಚೀಲ, ಕಿವಿಯ ಸಂದಿಗೆ ಪೆನ್ನು,
ದಿನಕ್ಕೆ ನೆಲಬಾಡಿಗೆ ಮೊದಲು ಎರಡು, ಆಮೇಲೆ ಐದು, ಆಮೇಲೆ ಹತ್ತು.
ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು
ಗಾದೆ ಕಟ್ಟಿದವರು ನನ್ನನ್ನು ಕಂಡೇ ಕಟ್ಟಿರಬೇಕು.

ಈ ಆಷಾಢದಲ್ಲಿ ಮುಖ್ಯಾಧಿಕಾರಿ ಕರೆದು
ರಸೀದಿ ಪುಸ್ತಕದ ಬದಲು ಅರ್ಜಿಯ ಕಟ್ಟು ಕೈಗಿಟ್ಟರು.
"ಈ ಸಲ ಇಸ್ಕೊಳ್ಳೋದಲ್ಲ ಮರುಳಯ್ಯ, ಕೊಡೋದು.
ಗುರುತಿನ ಕಾರ್ಡು, ಹಳದಿ ಗೆರೆ ಎಳೆದ ಜಾಗ,
ಬ್ಯಾಂಕಿಂದ ಹತ್ತು ಸಾವಿರ ಸಾಲ. ಬರೆಸಿಕೊಂಡು ಬಾ."

ಯಾರೂ ನಂಬಲಿಲ್ಲ.
ಸ್ಟವ್ ರಿಪೇರಿಯ ಗೌಸ್‌ಪೀರ್ ಪಂಪು ಒತ್ತುತ್ತಲೇ
"ಸಾಲ ಯಾರಿಗೆ ಸ್ವಾಮಿ, ನಿಮಗಾ?" ಅಂದ.
ಕಡಲೆಕಾಯಿ ಸುಬ್ಬಕ್ಕ ಒಂದು ಹಿಡಿ ಬಿಸಿಕಾಯಿ ನನ್ನ ಜೇಬಿಗೆ ತುರುಕಿ
"ನನ್ನ ಬಿಟ್ಟುಬಿಡಿ" ಅಂತ ಕೈಮುಗಿದಳು.
ಶಿವಮೊಗ್ಗದ ಗಾಡಿ ಬಂದು ಹೋಗುವಷ್ಟರಲ್ಲಿ
ಅರ್ಧ ರಸ್ತೆ ಖಾಲಿ.

ಓಡದೆ ಉಳಿದವಳು ಸಣ್ಣೀರಮ್ಮ,
ಮೊಣಕಾಲು ಓಡಲು ಬಿಡುತ್ತಿರಲಿಲ್ಲ.
ಗೋಣಿತಾಟಿನ ಮೇಲೆ ಉಡಿದಾರ, ಬಾಚಣಿಗೆ, ಹೇನಿನ ಹಣಿಗೆ,
ಕಾಡಿಗೆ ಡಬ್ಬಿ, ಪಿನ್ನಿನ ಗೊಂಚಲು, ಕೂಸಿನ ಕೈಗೆ ಕರಿಮಣಿ.
ಅರ್ಜಿ ಹಿಡಿದು ನಾನೂ ಕೂತೆ, ಆ ನೆಲದಲ್ಲಿ ಮೊದಲ ಸಲ.
ಅಲ್ಲಿಂದ ನೋಡಿದರೆ ಊರು ಬರೀ ಹಿಮ್ಮಡಿ, ಬರೀ ಚಪ್ಪಲಿ.

ವ್ಯಾಪಾರದ ವಿಧ?
"ಮರೆತದ್ದನ್ನ ಮಾರ್ತೀನಿ. ಮನೇಲಿ ಮರೆತು
ರೈಲು ಹತ್ತೋಕೆ ಬರೋರು ಇರ್ತಾರಲ್ಲ."
ಕೆಲಸಕ್ಕಿರುವವರು ಎಷ್ಟು ಜನ?
"ನಾನು. ಪಕ್ಕದ್ಮನೆ ಕಮಲಿ ರಾತ್ರಿ ಉಡಿದಾರ ಹೆಣೀತಾಳೆ,
ಡಜನ್ನಿಗೆ ಮೂರು ರೂಪಾಯಿ. ಅವಳನ್ನೂ ಬರ್ಕೊಳ್ಳಿ,
ಮನೇಲಿ ಕೂತು ಮಾಡಿದ್ರೆ ಕೆಲಸ ಅಲ್ವಾ?"
ಎಷ್ಟು ವರ್ಷದಿಂದ? ದಾಖಲೆ?

ತಾಟಿನ ಅಡಿಯಿಂದ ಅವಳು ಎಳೆದದ್ದು
ಛತ್ರಿಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ.
ಅದರ ತುಂಬ ಚೀಟಿ. ಗುಲಾಬಿ, ಹಳದಿ, ಮಾಸಲು ಬಿಳಿ,
ಕೆಲವು ನೆನೆದು ಅಂಟಿಕೊಂಡು ರೊಟ್ಟಿಯಾದವು.
ಒಂದೊಂದರ ಮೇಲೂ ನನ್ನ ಸಹಿ.
ಮೊದಲ ವರ್ಷದ್ದರಲ್ಲಿ ಪೂರ್ತಿ ಹೆಸರು,
ಬರುಬರುತ್ತ ಒಂದು ಸೊಟ್ಟ ಗೀಟು.

ನಾನು ವಸೂಲು ಮಾಡಿದ್ದಕ್ಕೆಲ್ಲ ಅವಳು ಲೆಕ್ಕ ಇಟ್ಟಿದ್ದಳು.
ಅವಳು ಇಲ್ಲಿದ್ದಳೆಂಬುದಕ್ಕೆ ಬೇರೆ ಸಾಕ್ಷಿ ಇರಲಿಲ್ಲ, ನಾನೇ.

ತಾರೀಖು ನೋಡುತ್ತ ಹೋದೆ.
ನಡುನಡುವೆ ಖಾಲಿ. ಒಂದು ಶುಕ್ರವಾರ. ಇಡೀ ಒಂದು ದೀಪಾವಳಿಯ ವಾರ.
ನನಗೆ ಗೊತ್ತು ಆ ದಿನಗಳು,
ದುಡ್ಡು ಇಸ್ಕೊಂಡು ಚೀಟಿ ಹರಿಯದ ದಿನಗಳು:
ಕಾಫಿಗೆ, ಮಗಳ ಫೀಸಿಗೆ, ಒಮ್ಮೊಮ್ಮೆ ಯಾವುದಕ್ಕೂ ಅಲ್ಲದೆ.
ಅವಳಿಗೂ ಗೊತ್ತು. ಬಾಚಣಿಗೆಯ ಹಲ್ಲಿನ ಧೂಳು ಊದುತ್ತ
"ಆ ದಿನ ನಾನು ಬಂದಿರಲಿಲ್ಲ ಅಂತ ಬರ್ಕೊಳ್ಳಿ" ಅಂದಳು.

ಅರ್ಜಿಯಲ್ಲಿ ಅದಕ್ಕೆ ಅಂಕಣ ಇರಲಿಲ್ಲ.

ಕಾರ್ತಿಕದ ಹೊತ್ತಿಗೆ ಟಾರಿನ ಮೇಲೆ ಹಳದಿ ಚೌಕ ಬಿತ್ತು,
ಆರಡಿಗೆ ನಾಲ್ಕಡಿ, ನಂಬರು ನಲವತ್ತೊಂದು.
ಗೌಸ್‌ಪೀರನದು ನಲವತ್ತೆರಡು; ಅದರಲ್ಲಿ ಎರಡಡಿ
ಚರಂಡಿಯ ಮೇಲಿದೆಯೆಂದು ಇನ್ನೂ ಜಗಳ ನಡೆದಿದೆ.
ಬ್ಯಾಂಕಿನವರು ನಾಲ್ಕು ಸಲ ಅಲೆಸಿ ಸಾಲ ಕೊಟ್ಟರು.
ಸಣ್ಣೀರಮ್ಮ ಮಡಚುವ ಮೇಜೊಂದು ತಂದಳು, ಒಂದು ಸ್ಟೂಲು,
ಕಮಲಿಗೆ ಡಜನ್ನಿಗೆ ಐದು ಮಾಡಿದಳು.
ಮೇಜು ಬಂದಮೇಲೆ ಗಿರಾಕಿಗಳ ಮುಖ ಕಾಣುತ್ತದಂತೆ;
ಅದೇನು ಅಂಥ ಲಾಭವಲ್ಲ ಅಂತ ನಗುತ್ತಾಳೆ.

ಕಾರ್ಡು ಕೊಟ್ಟ ದಿನ
ಪ್ಲಾಸ್ಟಿಕ್ಕಿನೊಳಗಿನ ತನ್ನನ್ನು ದೂರ ಹಿಡಿದು ನೋಡಿದಳು,
ಹತ್ತಿರ ಹಿಡಿದು ನೋಡಿದಳು.
ಆಮೇಲೆ ಫೋಟೋದ ಭುಜದ ಪಕ್ಕ
ಛತ್ರಿಕಡ್ಡಿಯ ತುದಿ ಒತ್ತಿ
ನನ್ನ ಸಹಿಗಳ ಮೇಲೆಯೇ ಅದನ್ನೂ ಚುಚ್ಚಿಟ್ಟಳು.

"ಕಳೀಬಾರದಲ್ಲ" ಅಂದಳು,
"ನಾಳೆ ಇನ್ಯಾರು ಬಂದು ಏನು ಕೇಳ್ತಾರೋ."